ಗೋಡೆ ಏಳಲಿಲ್ಲ

21-2-1996, ಬುಧವಾರ, ಕಿಕ್ಕೇರಿ

ಅಂತೂ ಗೋಡೆ ಏಳಲಿಲ್ಲ. ಗೆದ್ದೆ!

ಹೊಸ ಮನೆಯಲ್ಲಿ ಅಡುಗೆಮನೆಗೂ ನಡುಮನೆಗೂ ಮಧ್ಯೆ ಗೋಡೆಯೇ ಬೇಡವೆಂದು ಹಟ ಹಿಡಿದವಳು ನಾನು. ಹಳೆಯ ಪತ್ರಿಕೆಯಲ್ಲಿ ಐವತ್ತರ ದಶಕದ ಪರದೇಶದ ಮನೆಯೊಂದರ ಚಿತ್ರ ನೋಡಿ ನಾನೇ ಗೆರೆ ಎಳೆದದ್ದು. ಚಿಕ್ಕ ಜಾಗ, ಉದ್ದನೆಯ ಕಿಟಕಿ, ತಗ್ಗಾದ ತೇಗದ ಕುರ್ಚಿಗಳು. ಬಡಗಿ ಗಫಾರ್ ಸಾಬರು, "ಮೇಕೆಮರಿ ಕಾಲಿದ್ದಂಗದೆ ಕಣಮ್ಮಾ" ಎಂದು ನಕ್ಕರೂ ಚಿತ್ರದಲ್ಲಿದ್ದಂತೆಯೇ ಮಾಡಿಕೊಟ್ಟರು.

ಯಜಮಾನರ ಅಣ್ಣ ಮಾತ್ರ ಒಪ್ಪಿರಲಿಲ್ಲ. ಇವತ್ತು ಟ್ರಾಕ್ಟರಿನಲ್ಲಿ ಗೋಡೆಗೆ ಇಟ್ಟಿಗೆ ಹೇರಿಕೊಂಡೇ ಬಂದರು. "ಒಲೆ ಬೀದಿಗೆ ಕಾಣ್ಬೇಕೇನ್ಲಾ? ಓಟ್ಲು ಮಡಗಿದ್ದೀಯಾ?" ಎಂದು ತಮ್ಮನನ್ನು ಗದರಿಸಿ ಕುರ್ಚಿಯಲ್ಲಿ ಕೂತರು.

ಮದುವೆಯಾದಾಗಿನಿಂದ ಭಾವನವರಿಗೆ ಬಾಗಿಲ ಮರೆಯಲ್ಲಿ ನಿಂತೇ ಉತ್ತರ ಕೊಟ್ಟವಳು ನಾನು. ಇಲ್ಲಿ ಮರೆಗೆ ಬಾಗಿಲೇ ಇಲ್ಲ! ಮುದ್ದೆ ತಿರುವುತ್ತಲೇ ಹೇಳಿಬಿಟ್ಟೆ: "ಬೀದಿಗಲ್ಲ ಭಾವ, ನಿಮ್ಗೆ ಕಾಣ್ಲಿ ಅಂತ. ಮುದ್ದೆ ತಿರುವೋದ್ನ ಯಾವತ್ತಾದ್ರೂ ನೋಡಿದ್ದೀರಾ?"

ಯಜಮಾನರು ತಲೆ ತಗ್ಗಿಸಿದರು. ಭಾವನವರು ಒರಗಿ ಕೂತು ನನ್ನ ಕೈಯನ್ನೇ ನೋಡಿದರು. ಆಮೇಲೆ, "ಬುಡಕ್ಕೆ ಒತ್ತಿ ತಿರುವವ್ವ, ಗಂಟಾಯ್ತದೆ" ಎಂದರು. ನನಗೇ ಪಾಠ! ಊಟ ಮುಗಿಯುವವರೆಗೂ ನನ್ನೊಡನೆಯೇ ಮಾತು, ನಗು.

ಹೊರಡುವಾಗ, "ಇಟ್ಟಿಗೆ ಇತ್ತಿಲಲ್ಲಿ ಇಳ್ಸು, ಬಟ್ಟೆ ಒಗೆಯೋ ಕಟ್ಟೆಗಾಯ್ತದೆ" ಎಂದರು.

"ಗೋಡೆ ಅಣ್ಣಾ?"

"ಗೋಡೆ ಇದ್ದಿದ್ರೆ ಈವಮ್ಮನ ಮಾತು ಕೇಳ್ತಿತ್ತೇನ್ಲಾ?"

ತೋಳು ನೋಯುತ್ತಿದೆ, ನಿದ್ದೆ ಮಾತ್ರ ಸುಳಿಯುತ್ತಿಲ್ಲ. ಬೆಳಗಾಗುತ್ತಲೇ ಶೀಳನೆರೆಯ ತಂಗಿಗೆ ಕಾಗದ ಹಾಕಬೇಕು: ನಿಮ್ಮ ಮನೆಯಲ್ಲಿ ಯಾವ ಗೋಡೆ ತೆಗೆಸಬೇಕು ಅಂತ ಬೇಗ ಬರಿ.