ಒಂದೇ ಸಂಖ್ಯೆಯ ಎರಡು ರಿವಾಲ್ವರ್

ಬರಾಗಾ, ಮಿಷಿಗನ್
ಏಪ್ರಿಲ್ 14, 2019

ಪ್ರೀತಿಯ ಲೆಂಪಿ ಅಕ್ಕಾ,

ಮೊಣಕಾಲು ಈಗ ಹೇಗಿದೆ? ಅರಿಜೋನಾದ ಬಿಸಿಲು ಒಗ್ಗಿದೆ ಎಂದು ಕಾರ್ಡಿನಲ್ಲಿ ನೀನು ಬರೆದಿದ್ದೆ, ಓದಿ ಸಮಾಧಾನವಾಯಿತು. ನಾವು ಕ್ಷೇಮ. ಕೊಲ್ಲಿಯ ಮಂಜುಗಡ್ಡೆ ಇನ್ನೂ ಬಿಟ್ಟಿಲ್ಲ, ಹಬೆಸ್ನಾನದ ಸೌನಾ ಕೋಣೆಯ ಹೊಗೆಕೊಳವೆ ಹಿಮದ ಭಾರಕ್ಕೆ ಬಾಗಿ ಕೂತಿದೆ. ನನ್ನ ಕೈಬರಹ ನಿನಗೆ ಎಂದೂ ಓದಲು ಬಂದಿಲ್ಲವಲ್ಲ, ಅದಕ್ಕೆ ಟ್ರಕ್ಕಿನಲ್ಲಿ ಕೂತು ಫೋನಿಗೆ ಹೇಳಿದ್ದನ್ನು ಹೆಂಡತಿ ಮಾರ್ಸಿ ಟೈಪ್ ಮಾಡಿಕೊಟ್ಟಿದ್ದಾಳೆ. "ಅರ್ಧ ಕತ್ತರಿಸಿ ಹಾಕಿದೀನಿ, ನಿಮ್ಮಕ್ಕಂಗೂ ಬೇರೆ ಕೆಲಸ ಇರತ್ತೆ" ಎಂದಳು.

ಜೂನಿನಲ್ಲಿ ಬರಲು ನೀನು ಟಿಕೆಟ್ ತೆಗೆದಿದ್ದೀಯ. ಅಪ್ಪನ ರಿವಾಲ್ವರ್ ಸಿಕ್ಕಿತು ಎಂದು ಅಕ್ಟೋಬರಿನಲ್ಲಿ ನಾನು ಬರೆದೆನೆಂದೇ ತೆಗೆದೆ. ಈಗ ಆ ಮಾತಿನ ಮೇಲೆ ನನಗೇ ನಂಬಿಕೆ ಉಳಿದಿಲ್ಲ. ಕಾಡುಪ್ರಾಣಿ ಹಿಡಿಯಲು ಅಪ್ಪ ಒಡ್ಡಿದ ಬೋನುಗಳ ಸಾಲಿನ ಉದ್ದಕ್ಕೂ ಹಿಮದಲ್ಲಿ ಅವನ ಹಿಂದೆ ನಡೆದವಳು ನೀನು, ನಾನಲ್ಲ. ಆ ಸಣ್ಣ ಪಾಯಿಂಟ್ ಟೂ-ಟೂ ರಿವಾಲ್ವರ್ ಅವನು ನಿನಗೆಂದೇ ಬಿಟ್ಟುಹೋದದ್ದು. ನನ್ನದು ಇಪ್ಪತ್ಮೂರರ ಬುದ್ಧಿ, ದೋಣಿಯ ಮೋಟಾರಿಗೆ ಅದನ್ನು ಬದಲು ಕೊಟ್ಟೆ. ಮೋಟಾರು ಎರಡನೇ ಬೇಸಿಗೆಗೇ ಸರೋವರದ ತಳ ಸೇರಿತು. "ಅದನ್ನ ತಂದು ನನ್ನ ಕೈಲಿಡು, ಆಮೇಲೆ ಈ ಊರಿಗೆ ಕಾಲಿಡ್ತೀನಿ" ಅಂದೆ ನೀನು. ಇಪ್ಪತ್ತೇಳು ವರ್ಷ ಹಾಗೇ ನಡೆದುಕೊಂಡೆ.

ಗುರುತಿಗೆ ನನ್ನಲ್ಲಿದ್ದದ್ದು ಒಂದು ಸಂಖ್ಯೆ. ಅಪ್ಪ ಸಿಲಿಂಡರನ್ನು ಪಕ್ಕಕ್ಕೆ ತೆರೆದು ಒರೆಸುವಾಗ ಒಳಗೆ ಕಂಡ 4417 ಅನ್ನು ಶಾಲೆಯ ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಅದನ್ನೇ ಹಿಡಿದು ಹುಡುಕಲು ಹೊರಟೆ. ಸಿಕ್ಕ ಮೊದಲ ರಿವಾಲ್ವರಿನ ಸಂಖ್ಯೆ ಹೊಂದಲಿಲ್ಲ, ಆದರೆ ಅಷ್ಟು ದೂರ ಹೋಗಿ ಬರಿಗೈಯಲ್ಲಿ ಬರಲು ಮನಸ್ಸಾಗದೆ ಕೊಂಡು ತಂದೆ. ಎರಡನೆಯದಕ್ಕೂ ಇದೇ ಕತೆ. ಮೂರನೆಯದು ಅಪ್ಪನ ಮಾದರಿಯೇ ಅಲ್ಲ, ಒಂಬತ್ತು ತೋಟಾದ್ದು, ಆದರೂ ಪಾಪ ಅನ್ನಿಸಿತು. ಆಮೇಲೆ ನಡುವಿನಲ್ಲಿ ಮಡಚಿ ತೆರೆಯುವಂಥವು, ಹೆಂಗಸರ ಪರ್ಸಿಗೆಂದು ಮಾಡಿದವು, ಎಲ್ಲೂ ತೋಟಾ ಸಿಗದ ನೂರು ವರ್ಷದ ಹಳೆಯವು. ಅವಕ್ಕೆ ಜಾಗ ಮಾಡಲು ಮಾರ್ಸಿಯ ಹೊಲಿಗೆ ಯಂತ್ರ ನೆಲಮಾಳಿಗೆಗೆ ಇಳಿಯಿತು, ಜಿಂಕೆ ಮಾಂಸದ ಫ್ರೀಜರ್ ಪಕ್ಕದ ಮನೆಗೆ ಹೋಯಿತು. ಮದುವೆಯ ಇಪ್ಪತ್ತನೇ ವರ್ಷವನ್ನು ಎಸ್ಕನಾಬಾದ ಬಂದೂಕು ಸಂತೆಯಲ್ಲಿ ಆಚರಿಸಿದೆವು. "ಮನೇಲಿರೋ ಮೂವತ್ತೂ ಒಟ್ಟಿಗೆ ಹಾರಿಸಿದ್ರೂ ಒಂದು ಅಳಿಲು ತಿರುಗಿ ನೋಡಲ್ಲ" ಎಂದು ಅವಳು ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಅಂತೂ ಅಕ್ಟೋಬರಿನಲ್ಲಿ ಐರನ್ ಮೌಂಟನ್ ಊರಿನ ಸಂತೆಯಲ್ಲಿ ಒಂದನ್ನು ತೆರೆದು ನೋಡಿದರೆ 4417. ಅವತ್ತೇ ನಿನಗೆ ಬರೆದೆ. ಕಳೆದ ತಿಂಗಳು ಮಾರ್ಕೆಟ್ ಎಂಬ ಊರಿನ ಬಂದೂಕು ಸಂತೆಯಲ್ಲಿ, ಹಳೆ ರಿವಾಲ್ವರ್ ಮಾರುವ ರೋಲಂಡನ ಮೇಜಿನ ಮೇಲೆ ಅದೇ ಮಾದರಿಯ ಇನ್ನೊಂದು. ಸುಮ್ಮನೆ ತೆರೆದೆ. ಅದರಲ್ಲೂ 4417. ನನ್ನ ಮುಖ ನೋಡಿ ರೋಲಂಡ್ ಕುರ್ಚಿ ಎಳೆದು ಕೊಟ್ಟ. "ಅದು ಬಿಡಿಭಾಗ ಅದಲುಬದಲಾಗ್ದೆ ಇರ್ಲಿ ಅಂತ ಕಾರ್ಖಾನೇಲಿ ಹೊಡೆಯೋ ನಂಬರು ಕಣಯ್ಯ, ಒಂದೇ ನಂಬರು ಎಷ್ಟು ರಿವಾಲ್ವರಿಗೆ ಬೇಕಾದ್ರೂ ಇರತ್ತೆ. ನಿಜವಾದ್ದು ಹಿಡಿ ಬುಡದ ಲೋಹದಲ್ಲಿ. ಮೂವತ್ತು ಇಟ್ಕೊಂಡೋನಿಗೆ ಇಷ್ಟೂ ಗೊತ್ತಿಲ್ವಾ?" ಬುಡದ ಸಂಖ್ಯೆ ನನಗೆ ಗೊತ್ತಿಲ್ಲದ್ದೇನಲ್ಲ, ಪ್ರತಿ ಸಲ ಕಾಗದಪತ್ರಕ್ಕೆ ಅದನ್ನೇ ತುಂಬಿದ್ದೇನೆ. ಆದರೆ ಒಳಗಿನದೂ ಒಂದೊಂದಕ್ಕೇ ಸೇರಿದ್ದೆಂದು ನಂಬಿದ್ದೆ. ಅಪ್ಪನದರ ಬುಡ ಕಂಡವರಾದರೂ ಯಾರು? ಚಳಿಗೆ ಕೈ ಅಂಟದಿರಲೆಂದು ಹಿಡಿಗೆಲ್ಲ ಕಪ್ಪು ಟೇಪು ಸುತ್ತಿದ್ದನಲ್ಲ. ಹೌದು, ಆ ಎರಡನೆಯದನ್ನೂ ಕೊಂಡು ತಂದೆ. ಬಿಟ್ಟು ಬರುವುದು ಹೇಗೆ?

ಈಗ ಎರಡೂ ಅಡುಗೆಮನೆಯ ಮೇಜಿನ ಮೇಲಿವೆ. ಎರಡಕ್ಕೂ ಯಾರೋ ಹಿಡಿಯ ಮರದ ಪಟ್ಟಿ ಬದಲಿಸಿದ್ದಾರೆ, ಟೇಪಿನ ಗುರುತೂ ಉಳಿದಿಲ್ಲ. ಎಷ್ಟು ನೋಡಿದರೂ ಅಪ್ಪನದು ಯಾವುದೆಂದು ತಿಳಿಯದೆ ತಲೆ ಕೆಟ್ಟುಹೋಗಿದೆ. "ಒಂದಕ್ಕೆ ಟೇಪು ಸುತ್ತಿ ಕೊಟ್ಬಿಡು, ಅವಳಿಗೇನ್ ಗೊತ್ತಾಗತ್ತೆ" ಎಂದ ರೋಲಂಡ್. ಸುತ್ತಿಯೂ ನೋಡಿದೆ ಅಕ್ಕಾ. ಥೇಟ್ ಅಪ್ಪನದೇ ಆಯಿತು. ಅದಕ್ಕೇ ಹೆದರಿ ಬಿಚ್ಚಿದೆ.

ಔಷಧಿ ತಪ್ಪಿಸಬೇಡ, ಬಿಸಿಲಲ್ಲಿ ತಿರುಗಬೇಡ. ಮಾರ್ಸಿ ನೆನಪು ತಿಳಿಸಲು ಹೇಳಿದ್ದಾಳೆ.

ನಿನ್ನ ತಮ್ಮ,
ಆರ್ವಿಡ್

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು. ರೋಲಂಡ್ ಹೇಳಿದ ಇನ್ನೊಂದು ಮಾತು: ಆ ಕಾಲದಲ್ಲಿ ರಿವಾಲ್ವರ್ ಇಟ್ಟು ಮಾರುತ್ತಿದ್ದ ರಟ್ಟಿನ ಪೆಟ್ಟಿಗೆಯ ತಳದಲ್ಲಿ ಪೆನ್ಸಿಲಿನಿಂದ ನಿಜವಾದ ಸಂಖ್ಯೆ ಬರೆಯುತ್ತಿದ್ದರಂತೆ. ಅಪ್ಪನದರ ಖಾಲಿ ಪೆಟ್ಟಿಗೆಯನ್ನು ಊರು ಬಿಟ್ಟು ಹೊರಡುವ ದಿನ ನೀನೇ ತೆಗೆದುಕೊಂಡು ಹೋದೆ. ಇಷ್ಟು ವರ್ಷ ಕೇಳಲು ನನಗೆ ಮುಖವಿರಲಿಲ್ಲ. ಮಗುಚಿ ನೋಡಿ, ಇದ್ದದ್ದನ್ನು ಬರೆ. ನನ್ನ ಎರಡರ ಬುಡದ ಸಂಖ್ಯೆ ಇಲ್ಲಿ ಬರೆಯುವುದಿಲ್ಲ. ಬರೆದರೆ ಕನಿಕರಕ್ಕೆ ಒಂದನ್ನು ಹೌದು ಎಂದುಬಿಡುತ್ತೀಯ. ಎರಡೂ ಅಲ್ಲದಿದ್ದರೂ ಟಿಕೆಟ್ ರದ್ದು ಮಾಡಬೇಡ. ವಿಮಾನ ನಿಲ್ದಾಣಕ್ಕೆ ಬರಿಗೈಯಲ್ಲಾದರೂ ಬಂದು ನಿಂತಿರುತ್ತೇನೆ.