ಫೋನಿನೊಳಗೆ ಕಟ್ಟಿದ ಅವ್ವನ ಬ್ಯಾನರ್

ಕೊಪ್ಪ, ಪಿರಿಯಾಪಟ್ಟಣ ತಾಲ್ಲೂಕು,
ಬುಧವಾರ, 12-3-2025

ಪ್ರೀತಿಯ ಸುಕನ್ಯಕ್ಕಾ,

ಹೇಗಿದ್ದೀಯ? ಸಜೀವನ್ ಭಾವ ಆರೋಗ್ಯವಾಗಿದ್ದಾರಾ? ಚಳಿ ಶುರುವಾದರೆ ನಿನಗೆ ಉಸಿರು ಕಟ್ಟುತ್ತಿತ್ತಲ್ಲ, ಮಾನಂದವಾಡಿಯ ಥಂಡಿ ಒಗ್ಗಿತೋ ಇಲ್ಲವೋ? ಮಕ್ಕಳಿದ್ದಾರೋ ಇಲ್ಲವೋ ಅದೂ ನನಗೆ ಗೊತ್ತಿಲ್ಲ. ಇದ್ದರೆ ಚಿಕ್ಕಮ್ಮ ಕೇಳಿದಳು ಅಂತ ಹೇಳು. ಇಲ್ಲಿ ನಾನೂ ಅವ್ವನೂ ಚೆನ್ನಾಗಿದ್ದೀವಿ. ಅವ್ವ ಚೆನ್ನಾಗಿದ್ದಾಳೆ ಅನ್ನೋದನ್ನ ಬೇಕಾದರೆ ಇನ್ನೊಂದು ಸಲ ಓದಿಕೋ. ಬದುಕಿದ್ದಾಳೆ, ಗಟ್ಟಿಯಾಗಿದ್ದಾಳೆ, ಈಗ ತಾನೇ ಒಬ್ಬ ಗಿರಾಕಿ ಹತ್ತಿರ ಜೋರು ಮಾಡಿ ಒಳಗೆ ಬಂದಳು. ಭಾನುವಾರ ಅಂಗಡಿ ಫೋನಿಗೆ ಬಂದ ಕರೆ ನಿನ್ನದೇ ಅಂತ ನನಗೆ ಗೊತ್ತು. ವಾಪಸ್ ಮಾಡಿದರೆ ಎತ್ತುತ್ತಿಲ್ಲ. ಅದಕ್ಕೇ, ನೀನು ಮದುವೆಯಾದ ಹೊಸದರಲ್ಲಿ ನನಗೆ ಕಳಿಸಿದ್ದ ವಿಳಾಸಕ್ಕೇ ಈ ಕಾಗದ ಹಾಕ್ತಿದ್ದೀನಿ.

ನೀನು ಫೋನಿನಲ್ಲಿ ನೋಡಿದ್ದು ಶ್ರದ್ಧಾಂಜಲಿ ಅಲ್ಲ ಅಕ್ಕ, ಜಾಹೀರಾತು. ಅದು ಹೇಗಾಯ್ತು ಅಂತ ಮೊದಲಿಂದ ಹೇಳ್ತೀನಿ. ನೀನು ಹೋದ ಮೇಲೆ ನಾವು ಕೊಪ್ಪದಲ್ಲಿ ಮಡಿಕೇರಿ ರೋಡಿಗೇ ಒಂದು ಮಳಿಗೆ ಹಿಡಿದೆವು. ಅವ್ವ ಅದೇ ಹಳೇ ಕೆಲಸ ಬಿಟ್ಟಿಲ್ಲ. ಬೂರುಗದ ಅರಳೆ ತರಿಸಿ, ಬೀಜ ಬಿಡಿಸಿ, ಕೋಲಿನಲ್ಲಿ ಬಡಿದು, ದಿಂಬು ಹಾಸಿಗೆ ಹೊಲಿಯೋದು. ಮೊದಮೊದಲು ವ್ಯಾಪಾರ ಚೆನ್ನಾಗೇ ಇತ್ತು. ಹೋದ ವರ್ಷ ಎದುರಿಗೇ ಒಂದು ದೊಡ್ಡ ಫೋಮ್ ಹಾಸಿಗೆ ಶೋರೂಮು ಬಂತು. ಗಾಜಿನ ಬಾಗಿಲು, ಒಳಗೆ ಏಸಿ. ಟೂರಿಸ್ಟು ಕಾರುಗಳೆಲ್ಲ ಆ ಕಡೆಗೇ ನಿಲ್ಲೋಕೆ ಶುರುವಾಯ್ತು. ನಮ್ಮ ಅಂಗಡಿ ಅವರ ಕಣ್ಣಿಗೇ ಬೀಳುತ್ತಿರಲಿಲ್ಲ. ಅವ್ವ ದಿನವಿಡೀ ಖಾಲಿ ಕೂತು, ಹೊಲಿದಿದ್ದ ದಿಂಬನ್ನೇ ಬಿಚ್ಚಿ ಮತ್ತೆ ಹೊಲಿಯೋಳು. ಅವಳನ್ನ ಹಾಗೆ ನೋಡೋಕೆ ನನ್ನ ಕೈಲಿ ಆಗಲಿಲ್ಲ.

ಹುಣಸೂರಿನಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿರೋ ಚೇತನ್‌ಕುಮಾರ್ ಹತ್ತಿರ ಅವ್ವನನ್ನೂ ಕರಕೊಂಡು ಹೋದೆ, ಒಂದು ದೊಡ್ಡ ಬೋರ್ಡು ಮಾಡಿಸೋಣ ಅಂತ. ಅವರು, ಬೋರ್ಡು ಬೇಡ, ಆನ್‌ಲೈನ್ ಬ್ಯಾನರ್ ಹಾಕಿಸಿ ಅಂದರು. ಫೋನಿನಲ್ಲಿ ಸುದ್ದಿ ಓದುವಾಗ, ಕ್ರಿಕೆಟ್ ಸ್ಕೋರು ನೋಡುವಾಗ ಮಧ್ಯೆ ಒಂದು ಪಟ್ಟಿ ಬರುತ್ತಲ್ಲ, ಅದು. ಅವ್ವ ಕೇಳಿದ್ದು ಒಂದೇ ಪ್ರಶ್ನೆ. "ಯಾವ ಸರ್ಕಲ್ನಾಗೆ ಕಟ್ತೀಯಪ್ಪ? ಗಾಳಿ ಬಂದ್ರೆ ಅರ್ದೋಗಲ್ವಾ?" ಚೇತನ್ ನಗಲಿಲ್ಲ, ಸಮಾಧಾನವಾಗಿ ಹೇಳಿದರು. "ಅಮ್ಮಾ, ಇದನ್ನ ನೋಡಿದ ತಕ್ಷಣ ಯಾರೂ ದಿಂಬು ತಗೊಳ್ಳಲ್ಲ. ಒತ್ತಿ ನೋಡೋರೂ ಕಮ್ಮಿನೇ. ಆದ್ರೆ ದಿನಾ ಕಣ್ಣಿಗೆ ಬೀಳ್ತಾ ಇದ್ರೆ ಹೆಸರು ತಲೇಲಿ ಕೂತ್ಕೊಳ್ಳುತ್ತೆ. ನಾಳೆ ಈ ರೋಡಲ್ಲಿ ಹೋಗುವಾಗ, ಇವರನ್ನ ಎಲ್ಲೋ ನೋಡಿದೀವಲ್ಲ ಅಂತ ಕಾರು ನಿಲ್ಲಿಸ್ತಾರೆ. ನಮಗೆ ಬೇಕಿರೋದು ಆ ಪರಿಚಯ ಅಷ್ಟೇ." ನಮ್ಮ ರೋಡಿಗೆ ಬರೋರು ಹೆಚ್ಚಾಗಿ ಮೈಸೂರು, ಕೊಡಗು, ವಯನಾಡಿನವರು. ಅಲ್ಲಿ ಕನ್ನಡ ಸುದ್ದಿ ಓದೋರ ಫೋನಿಗೆಲ್ಲ ಬರೋ ಹಾಗೆ ಮಾಡೋಣ ಅಂದರು. ವಯನಾಡು ಅಂದಾಗ ನನಗೆ ನೀನೇ ನೆನಪಾದೆ. ತಕ್ಷಣ, ಹಾಗೇ ಮಾಡಿ ಅಂದೆ.

ಮೊದಲು ಅವರು ಮಾಡಿಕೊಟ್ಟ ಬ್ಯಾನರಿನಲ್ಲಿ ಯಾವುದೋ ಹುಡುಗಿ ಕೂದಲು ಹರಡಿಕೊಂಡು ಮಲಗಿದ್ದಳು. ಅವ್ವ ಸುತಾರಾಂ ಒಪ್ಪಲಿಲ್ಲ. "ನಮ್ ದಿಂಬಿನ್ ಮ್ಯಾಲೆ ಇವ್ಳ್ಯಾಕೆ ಮನಗವ್ಳೆ? ಇವ್ಳೇನು ಅಳ್ಳೆ ಬಡ್ದವ್ಳಾ?" ಹಾಗಾದರೆ ನಿಮ್ಮ ಫೋಟೋನೇ ಹಾಕೋಣ ಅಂದಿದ್ದಕ್ಕೆ ಒಂದು ವಾರ ಸತಾಯಿಸಿ, ಕೊನೆಗೆ ರೇಷ್ಮೆ ಸೀರೆ ಉಟ್ಟು, ಕುಂಕುಮ ಇಟ್ಟು, ನೆಟ್ಟಗೆ ಕೂತಳು. ಫೋಟೋ ಚೆನ್ನಾಗೇ ಬಂತು. ಸುತ್ತ ಒಂದು ಹೂವಿನ ಅಂಚು. ಕೆಳಗೆ 'ಭದ್ರಮ್ಮ'. ಅದರ ಕೆಳಗೆ 'ನೆಮ್ಮದಿಯ ನಿದ್ದೆ'. ಮೂಲೆಯಲ್ಲಿ ಸಣ್ಣದಾಗಿ ಒಂದು ದಿಂಬು, ನಮ್ಮ ಫೋನ್ ನಂಬರು. ನಾನೇ ನೋಡಿ, ಸರಿ ಹಾಕಿ ಅಂದೆ. ಅದು ಹೇಗೆ ಕಾಣುತ್ತೆ ಅಂತ ನನಗೂ ಚೇತನ್‌ಗೂ ಹೊಳೆಯಲೇ ಇಲ್ಲ.

ಶನಿವಾರ ಹಾಕಿದರು. ಭಾನುವಾರ ಬೆಳಿಗ್ಗೆ ಕಟ್ಟೆಮಳಲವಾಡಿಯಿಂದ ಚಲುವಯ್ಯ ಮಾವ ಹಾರ ಹಿಡಿದುಕೊಂಡು, ಆಟೋ ತುಂಬ ಜನ ಕರಕೊಂಡು ಬಂದರು. ಬೀದಿಯಿಂದಲೇ ಅಳು. ಬಾಗಿಲು ತೆಗೆದವಳು ಅವ್ವ! ಮಾವ ಹಾರ ಬೆನ್ನ ಹಿಂದೆ ಬಚ್ಚಿಟ್ಟರು. "ಒಂದು ಫೋನ್ ಮಾಡ್ಬಾರ್ದೇನ್ಲಾ" ಅಂತ ಅವ್ವ ಬೈದರೆ, "ಸತ್ತೋರ್ಗೆ ಯಾರಕ್ಕ ಫೋನ್ ಮಾಡ್ತಾರೆ" ಅಂತ ಅತ್ತರು. ಎಲ್ಲರಿಗೂ ಉಪ್ಪಿಟ್ಟು ಮಾಡಿ ಹಾಕಿದ್ದಾಯ್ತು. ಪಿರಿಯಾಪಟ್ಟಣದಿಂದ, ಕೆ.ಆರ್. ನಗರದಿಂದ ಒಂದೇ ಸಮ ಫೋನು. ನಾನು ಚೇತನ್‌ಗೆ ಹೇಳಿ ಅದನ್ನ ತೆಗೆಸೋ ಗಡಿಬಿಡಿಯಲ್ಲಿದ್ದೆ, ಫೋನೆಲ್ಲ ಅವ್ವನೇ ಎತ್ತುತ್ತಿದ್ದಳು. ಮಧ್ಯಾಹ್ನ ಒಂದು ಕರೆಗೆ "ಅಲೋ, ಯಾರು" ಅಂದವಳು ಫೋನನ್ನ ಕಿವಿಗೆ ಒತ್ತಿಕೊಂಡಳು. ಆ ಕಡೆಯಿಂದ ಬರೀ ಬಿಕ್ಕೋ ಸದ್ದು, ಪಕ್ಕದಲ್ಲಿದ್ದ ನನಗೂ ಕೇಳಿಸ್ತು, ಆಮೇಲೆ ಕಟ್ಟಾಯ್ತು. ಅವ್ವ ಫೋನು ಕೆಳಗಿಡಲಿಲ್ಲ. ಯಾರವ್ವ ಅಂದೆ. "ಯಾರೋ ಗಿರಾಕಿ" ಅಂದಳು. ಆದರೆ ಅವತ್ತೆಲ್ಲ ಅರಳೆ ಮುಟ್ಟಲಿಲ್ಲ. ಸಂಜೆ ನಾನು ನಂಬರು ನೋಡಿದೆ, ಕೇರಳದ್ದು.

ನೀನು ಭಾವನ ಜೊತೆ ಹೊರಟ ದಿನ ಅವ್ವ ಹೊಸಿಲ ಮೇಲೆ ನಿಂತು "ನಾನು ಸತ್ತರೂ ಬರಬೇಡ" ಅಂದಿದ್ದು ನನಗೂ ಕೇಳಿಸಿತ್ತು ಅಕ್ಕ. ಅಷ್ಟಾದರೂ ನೀನು ಫೋನ್ ಮಾಡಿದೆಯಲ್ಲ. ಬರಬಹುದಾ ಅಂತ ಕೇಳೋಕೆ ಮಾಡಿದ್ದೆಯೇನೋ, ಅಷ್ಟರಲ್ಲಿ ಅವಳ ದನಿಯೇ ಬಂತು. ಅವ್ವನ ಮನಸ್ಸಲ್ಲಿ ಏನಿದೆ ಅಂತ ನಾನು ಹೇಳಲಾರೆ, ಅವಳು ನಿನ್ನ ಹೆಸರು ಎತ್ತಿಲ್ಲ. ಆದರೆ ನಾನು ಕರೀತಿದ್ದೀನಿ. ಒಂದು ಸಲ ಬಂದು ಹೋಗು.

ಬ್ಯಾನರ್ ಬೇರೆ ಮಾಡಿಸಿದ್ದೀವಿ. ಈಗ ಅವ್ವ ಕೋಲು ಹಿಡಿದು ಅರಳೆ ಬಡೀತಿರೋ ಫೋಟೋ, ಕೆಳಗೆ 'ಬಡಿದವಳೂ ನಾನೇ, ಹೊಲಿದವಳೂ ನಾನೇ' ಅಂತ. ನಿನ್ನೆ ಮಡಿಕೇರಿ ಕಡೆಯ ಕಾರೊಂದು ನಿಂತಿತು. ಅದರಲ್ಲಿದ್ದವರು, "ಫೋನಲ್ಲಿ ಬರೋ ಅಜ್ಜಿ ಇವರೇನಾ" ಅಂತ ಕೇಳಿದರು. ದಿಂಬು ತಗೊಳ್ಳಲಿಲ್ಲ, ಹೆಸರು ಕೇಳಿಕೊಂಡು ಹೋದರು. ಚೇತನ್‌ಗೆ ಹೇಳಿದ್ದಕ್ಕೆ, "ಅದೇ ಬೇಕಾಗಿದ್ದು ಕಣ್ರೀ" ಅಂತ ಖುಷಿಪಟ್ಟರು.

ಭಾವನಿಗೆ ನನ್ನ ನಮಸ್ಕಾರ. ಮಕ್ಕಳಿದ್ದರೆ ಮುತ್ತು. ಫೋನ್ ಎತ್ತು.

ನಿನ್ನ ತಂಗಿ,
ಸೌಂದರ್ಯ

ಕೊನೆಗೊಂದು ಮಾತು: ಕವರ್ ಅಂಟಿಸೋಕೆ ಮುಂಚೆ ಅವ್ವ ಬಂದಳು. ಯಾರಿಗೆ ಅಂತ ಕೇಳಲಿಲ್ಲ, "ಓದು" ಅಂದಳು. ಎಲ್ಲ ಓದಿದೆ. "ಅವ್ಳು ಬರೋದ್ ಬ್ಯಾಡ, ನಾವೇ ಬತ್ತೀವಿ ಅಂತ ಬರಿ" ಅಂದಳು. ಈ ಭಾನುವಾರ ಅಲ್ಲ, ಮುಂದಿನ ಭಾನುವಾರ. ಎಚ್.ಡಿ. ಕೋಟೆಗೆ ಬಂದು ಕಾಕನಕೋಟೆ ಮೇಲೆ ಮಾನಂದವಾಡಿಗೆ ಹೋಗೋ ಬೆಳಗಿನ ಬಸ್ಸು ಹಿಡೀತೀವಿ. ಬಸ್‌ಸ್ಟ್ಯಾಂಡಿಗೆ ನೀನೇ ಬಾ. ಇಳಿದ ಕೂಡಲೇ ಬೈಯೋಕೆ ಶುರು ಮಾಡ್ತಾಳೆ. ಎದುರು ಮಾತಾಡಬೇಡ, ಕೈಲಿರೋ ಗಂಟು ಇಸಕೊಂಡು ಮನೆ ದಾರಿ ಹಿಡಿ.