ಎದುರುಗಾಳಿಯವರ ಬಾಣ

ಬ್ರಾಕ್‌ಹೋಪ್, ನಾರ್ಥಂಬರ್‌ಲೆಂಡ್
ಅಕ್ಟೋಬರ್ 9

ಪ್ರೀತಿಯ ಎಡ್ಗರ್,

ಮೊನ್ನೆ ಕೆಟ್ಟ ಕನಸು ಬಿತ್ತು. ನಾವಿಬ್ಬರೂ ನೋಡಿಕೊಂಡ ಆ ಹನ್ನೊಂದು ಮೈಲಿ ಸೈಕಲ್ ದಾರಿಯಲ್ಲಿ ತುಳಿಯುತ್ತಿದ್ದೇನೆ. ನಾನು ಹತ್ತಿರ ಬಂದ ಹಾಗೆಲ್ಲ ಕಂಬದ ಮೇಲಿನ ನೀಲಿ ಗುರುತು ಹೊರಳಿ ನನ್ನ ಎದೆಗೇ ಬಾಣ ತೋರಿಸುತ್ತದೆ. ಒಂದಲ್ಲ, ಅಷ್ಟೂ ಕಂಬಗಳು. ಎದ್ದು ಎರಡು ಲೋಟ ಚಹಾ ಕುಡಿದರೂ ಮತ್ತೆ ಮಲಗಲಾಗಲಿಲ್ಲ. ಇನ್ನು ನಿನಗೆ ಬರೆಯದೆ ಗತಿಯಿಲ್ಲ ಎಂದು ಕುಳಿತಿದ್ದೇನೆ.

ನಿನ್ನ ಎರಡು ಕಾಗದಗಳು ಬಂದು ಐದು ವಾರವಾಯಿತು. ತಡ ಮಾಡಿದ್ದು ತಪ್ಪು, ಕ್ಷಮಿಸು. ಕೈ ನೋವಿತ್ತು ಎಂದು ಬರೆಯಬಹುದಿತ್ತು, ಆದರೆ ಅದು ಸುಳ್ಳು. ಪೆನ್ನು ಹಿಡಿದಾಗಲೆಲ್ಲ ಒಂದೇ ಯೋಚನೆ: ಇದನ್ನು ಇವನು ಇನ್ಯಾರಿಗೆ ತೋರಿಸುತ್ತಾನೋ.

ನಿನ್ನ ಸೊಂಟ ಹೇಗಿದೆ? ರೊವೀನಾ ಹೊರಗಿನ ಮೆಟ್ಟಿಲಿಗೆ ಹಿಡಿಕೆ ಹಾಕಿಸಿದಳೇ? ಹಾಕಿಸಿಲ್ಲವಾದರೆ ಹಿಮ ಬೀಳುವ ಮೊದಲು ಹಾಕಿಸು. ಮಗಳ ಮನೆ ಎಂದು ಸಂಕೋಚ ಬೇಡ. ನೋಡು, ನಿನ್ನ ಮೇಲೆ ಇಷ್ಟು ಕೋಪ ಇಟ್ಟುಕೊಂಡು ನಿನ್ನ ಮೆಟ್ಟಿಲಿಗೂ ನಾನೇ ಹೆದರಬೇಕು. ನನ್ನ ಹಣೆಬರಹ.

ಇಲ್ಲಿ ಮುಳ್ಳುಪೊದೆ ಕತ್ತರಿಸಿ ಆಗಿದೆ. ಕಾಲುಸೇತುವೆಯ ಹಲಗೆ ಜಾರದಂತೆ ತಂತಿಬಲೆ ಹೊಡೆದೆ. ಹೋದ ಗುರುವಾರ ಜೋಡಿ ಸೈಕಲ್ಲಿನಲ್ಲಿ ಗಂಡ ಹೆಂಡತಿ ಬಂದಿದ್ದರು. ಪಡುವಣ ಸಮುದ್ರದಲ್ಲಿ ಹಿಂದಿನ ಚಕ್ರ ಅದ್ದಿ ಹೊರಟವರು, ನಿಮ್ಮೂರಿನ ಸಮುದ್ರದಲ್ಲಿ ಮುಂದಿನ ಚಕ್ರ ಅದ್ದಲು ಹೋಗುತ್ತಿದ್ದರು. "ಇಡೀ ದಾರೀಲಿ ಇಷ್ಟು ಚೆನ್ನಾಗಿಟ್ಟಿರೋ ಜಾಗ ಇನ್ನೊಂದಿಲ್ಲ, ಯಾರು ನೋಡ್ಕೊಳ್ಳೋದು?" ಎಂದು ಆಕೆ ಕೇಳಿದಳು. ನನ್ನ ಕೈಯಲ್ಲಿ ಗುರುತುಗಳ ಅಂಟು ಕೆರೆಯುವ ಚಾಕು ಇತ್ತು.

ಸೈಕಲ್ ದಾರಿಗಳ ಸಂಸ್ಥೆಯ ಕಚೇರಿಯಿಂದ ಫೋನ್ ಬಂದದ್ದು ಆಗಸ್ಟ್ ಕೊನೆಗೆ. ಚಿಕ್ಕ ವಯಸ್ಸಿನ ಹೆಣ್ಣು ದನಿ, ಮೆತ್ತಗೆ ಮಾತಾಡಿತು. "ರಾಬ್ಸನ್ ಅವರೇ, ನಿಮ್ಮ ಭಾಗವನ್ನ ನಕ್ಷೆಯಿಂದ ತೆಗೀತಿದ್ದೀವಿ. ಹನ್ನೆರಡು ವರ್ಷದ ಮಗು ಒಂಟಿಯಾಗಿ ಹೋಗೋಕೆ ಆಗದಿರೋ ದಾರಿ ಇನ್ಮೇಲೆ ಬೇಡ ಅಂತ ತೀರ್ಮಾನ. ಗುರುತುಗಳನ್ನ ಅಕ್ಟೋಬರ್ ಒಳಗೆ ತೆಗೀಬೇಕು. ನೀವೇ ಅಂಟಿಸಿದ್ದಲ್ವಾ, ಎಲ್ಲೆಲ್ಲಿವೆ ಅಂತ ನಿಮಗೇ ಗೊತ್ತು."

"ದಾರಿ ಸರಿಯಿಲ್ಲ ಅಂತ ಯಾರಮ್ಮ ಹೇಳಿದ್ದು?" ಎಂದೆ.

"ನೀವೇ ಸಾರ್. ವರದಿ ತುಂಬಾ ನಿಮ್ಮ ಮಾತೇ ಇದೆ."

ವರದಿ ಅಂಚೆಯಲ್ಲಿ ಬಂತು. ನನ್ನ ಓದು ನಿನಗೆ ಗೊತ್ತಲ್ಲ. ಅಪ್ಪ ಕುರಿ ಕಾಯುವವನು, ಮೇ ತಿಂಗಳು ಬಂತೆಂದರೆ ಗಂಟುಮೂಟೆ ಕಟ್ಟಿ ಬೇರೆ ಒಡೆಯನ ಹೊಲಕ್ಕೆ. ಒಂಬತ್ತು ವರ್ಷಕ್ಕೆ ಏಳು ಶಾಲೆ ಕಂಡವನು ನಾನು. ಮದುವೆಯಾದಂದಿನಿಂದ ದೊಡ್ಡ ಕಾಗದ ಬಂದರೆ ಮೇವಿಸ್ ಅಡುಗೆಮನೆಯ ಮೇಜಿನಲ್ಲಿ ಗಟ್ಟಿಯಾಗಿ ಓದುತ್ತಾಳೆ, ನಾನು ಕೇಳುತ್ತೇನೆ. ಆ ದಿನವೂ ಹಾಗೆಯೇ.

ಮೂರನೇ ಪುಟ ಬರುವಷ್ಟರಲ್ಲಿ ಆಕೆ ತಲೆಯೆತ್ತಿದಳು. "ಇದು ನೀನು ಮಾತಾಡೋ ಹಾಗೇ ಇದೆಯಲ್ಲೋ" ಎಂದಳು.

ಕಲ್ಲುಗಣಿಯ ಲಾರಿ ಎದುರಾದರೆ ಬದುಕಿದ್ದೇ ಪುಣ್ಯ ಎಂದಿತ್ತು. ಸೇತುವೆಯ ಹಲಗೆಯನ್ನು ನೆನೆಸಿಕೊಂಡರೆ ನನಗೆ ನಿದ್ದೆ ಬರುವುದಿಲ್ಲ ಎಂದಿತ್ತು. ಕೆಳಗೆ ಸಂಸ್ಥೆಯ ದಾರಿ ಸಮಿತಿಯ ಪರವಾಗಿ ನಿನ್ನ ಸಹಿ.

ಎಡ್ಗರ್, ನೀನು ಸಮುದ್ರದ ಕಡೆಗೆ ಹೊರಟ ದಿನ ನನ್ನ ಅಂಗಳದಲ್ಲಿ ನಿಂತು ಏನು ಹೇಳಿದ್ದೆ? "ದಾರಿ ಹೇಗಿದೆ ಅಂತ ಕಚೇರಿಗೆ ತಿಂಗಳ ಫಾರಂ ತುಂಬೋದು ನಿನ್ನ ಕೈಲಿ ಆಗಲ್ಲ ಬಿಡೋ. ನನ್ನ ಹತ್ರ ಮಾತಾಡಿದ ಹಾಗೆ ಒಂದು ಕಾಗದ ಬರಿ. ಅದನ್ನ ಫಾರಂ ಭಾಷೆಗೆ ತರೋದು ನನ್ನ ಕೆಲಸ." ನಾನು ಮಾತಾಡಿದ ಹಾಗೆಯೇ ಬರೆದೆ. ನಾಲ್ಕು ವರ್ಷ, ತಿಂಗಳಿಗೊಂದು. ನಾನು ಎಲ್ಲದಕ್ಕೂ ಹೆದರುವವನು ಎಂದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹತ್ತು ವರ್ಷ ಜೊತೆಯಲ್ಲಿ ಗುದ್ದಲಿ ಹಿಡಿದವನು ನೀನು. ನಾನು ಬಿರುಕು ಎಂದರೆ ಗೀರು ಎಂದು ನಗುತ್ತಿದ್ದವನು. ಲಾರಿಯ ಮಾತಿನ ಮುಂದಿನ ಸಾಲಿನಲ್ಲೇ ಬರೆದಿದ್ದೆ, ಶನಿವಾರ ಲಾರಿ ಓಡುವುದಿಲ್ಲ, ಸೊಂಟ ಸರಿಯಾದ ಮೇಲೆ ಬಾ, ಇಬ್ಬರೂ ಒಂದು ಸುತ್ತು ಹೋಗೋಣ ಎಂದು. ಆ ಸಾಲು ವರದಿಯಲ್ಲಿ ಇಲ್ಲ.

ವರದಿ ಬಂದ ಮೇಲೆ ಫೋನ್ ಮಾಡಿದಾಗ ನೀನು "ಸವಾರರ ಜೀವ ಮುಖ್ಯ ಅಲ್ವೇನಯ್ಯಾ ಲ್ಯಾನ್ಸ್" ಎಂದೆ. ಮುಖ್ಯವೇ. ಹಾಗಾದರೆ ನನ್ನ ಮುಖಕ್ಕೇ ಹೇಳಿ, ನಿನ್ನ ಮಾತಿನಲ್ಲಿ ಬರೆಯಬಹುದಿತ್ತು. ನಾನು ಜಗಳ ಆಡುತ್ತಿದ್ದೆ, ಆಮೇಲೆ ಒಪ್ಪುತ್ತಿದ್ದೆನೋ ಏನೋ.

ಊರಿನಲ್ಲಿ ಎಲ್ಲರಿಗೂ ಗೊತ್ತಾಗಿದೆ. ಪಕ್ಕದ ಹೊಲದ ಹೆಡ್ಲಿ, ಮೇವಿಸ್ ಅವನ ಜೊತೆ ಮಾತು ಬಿಟ್ಟಿದ್ದಾಗಲೂ ನನ್ನನ್ನು ಬಿಟ್ಟವನಲ್ಲ, ನಮ್ಮ ದಾರಿಗೆ ಅಡ್ಡ ಇರುವ ತನ್ನ ಗೇಟಿಗೆ ಒರಗಿ ನಿಂತಿದ್ದ. "ಏನಪ್ಪಾ, ನಿನ್ನ ದಾರೀನ ನೀನೇ ಸಾಯಿಸಿದ್ಯಂತೆ? ಹದಿನಾಲ್ಕು ವರ್ಷ ಈ ಗೇಟಿನ ಚಿಲಕ ಸರಿಯಿಲ್ಲ, ಸರಿಯಿಲ್ಲ ಅಂತ ನನ್ನ ಜೀವ ತಿಂದೆ. ಈಗ ಬೀಗಾನೇ ಜಡೀತೀನಿ. ಆರಾಮಾಗಿ ನಿದ್ದೆ ಮಾಡು."

ಗುರುತು ತೆಗೆಯುವುದಿಲ್ಲ, ಬೇಕಾದರೆ ಕಚೇರಿಯವರೇ ಬರಲಿ ಎಂದು ಮೂರು ವಾರ ಹಟ ಹಿಡಿದೆ. ಆಮೇಲೆ ಭಯವಾಯಿತು. ಅವರು ಬಂದು ಅರ್ಧ ಕಿತ್ತು ಅರ್ಧ ಬಿಟ್ಟರೆ? ಗುರುತೇ ಇಲ್ಲದ ದಾರಿಯಲ್ಲಿ ಜನ ನಿಂತು ಯಾರನ್ನಾದರೂ ಕೇಳುತ್ತಾರೆ. ಅರ್ಧ ಗುರುತಿನ ದಾರಿಯಲ್ಲಿ ನಂಬಿಕೊಂಡು ಹೋಗಿಬಿಡುತ್ತಾರೆ. ಅದಕ್ಕೆ ನಾನೇ ಕೆರೆಯುತ್ತಿದ್ದೇನೆ. ಎರಡೂ ದಿಕ್ಕಿನ ಸವಾರರ ಗುರುತು ಸಿಗಲೆಂದು ಪಡುವಣ ಗಾಳಿ ಬೆನ್ನಿಗಿಟ್ಟುಕೊಂಡು ಒಮ್ಮೆ, ಗಾಳಿಗೆ ಎದುರಾಗಿ ಒಮ್ಮೆ, ಅಂಟಿಸುವಾಗ ನೀನು ಕಲಿಸಿದ ಹಾಗೆಯೇ. ಇನ್ನು ಹದಿನೆಂಟು ಉಳಿದಿವೆ.

ದೇವರು ನಿನ್ನ ಸೊಂಟವನ್ನೂ ರೊವೀನಾಳ ಮನೆಯನ್ನೂ ಚೆನ್ನಾಗಿಟ್ಟಿರಲಿ. ಇದನ್ನು ಕೋಪದಲ್ಲೂ ಮನಸ್ಸಿನಿಂದಲೇ ಬರೆಯುತ್ತಿದ್ದೇನೆ.

ನಿನ್ನ,
ಲ್ಯಾನ್ಸ್ ರಾಬ್ಸನ್

ಮ.ಬಿ.: ಇಷ್ಟಕ್ಕೇ ಲಕೋಟೆ ಮುಚ್ಚಿದ್ದೆ. ಮತ್ತೆ ಬಿಡಿಸಿದೆ. ದಾರಿ ಹೋದದ್ದನ್ನು ಹೇಗೋ ತಡೆದುಕೊಳ್ಳುತ್ತೇನೆ. ವರದಿಯ ಒಂಬತ್ತನೇ ಪುಟದ್ದನ್ನು ತಡೆದುಕೊಳ್ಳಲು ಆಗುತ್ತಿಲ್ಲ.

ಗಣಿಯ ಕವಲಿನಲ್ಲಿ ಬಿದ್ದು ಕೊರಳೆಲುಬು ಮುರಿದುಕೊಂಡ ಹಾಲೆಂಡಿನ ಟೀಚರಮ್ಮ ನಿನಗೆ ನೆನಪಿರಬೇಕು. ಅದಕ್ಕೆ ಹಿಂದಿನ ದಿನ ನಾನು ಎದುರುಗಾಳಿಯಲ್ಲಿ ಬರುವವರ ಬಾಣ ಅಂಟಿಸಿದ್ದೆ. ಕಂಬದ ಮುಂದೆ ಸೊಂಟದೆತ್ತರ ತುರಿಕೆ ಗಿಡ. ಸುತ್ತಿ ಹೋಗಲು ಸೋಮಾರಿತನವಾಗಿ ಕಂಬದ ಹಿಂದೆ ನಿಂತೇ ಕೈ ಚಾಚಿ ಮುಂಬದಿಗೆ ಅಂಟಿಸಿದೆ. ನನ್ನ ಬಲ ಅವರ ಎಡವಾಯಿತು. ಆಕೆ ಬಾಣ ನಂಬಿ ಲಾರಿಗಳ ರಸ್ತೆಗೆ ಇಳಿದಳು.

ಗಂಡ ಬರುವವರೆಗೆ ಎರಡು ದಿನ ಆಕೆಗೆ ತುತ್ತು ತಿನ್ನಿಸಿದ್ದು ಮೇವಿಸ್. ಹೆಡ್ಲಿಯ ಟ್ರ್ಯಾಕ್ಟರ್ ತಾಗಿ ಕಂಬ ತಿರುಗಿದೆ ಎಂದು ತೀರ್ಮಾನ ಮಾಡಿದವಳೂ ಅವಳೇ. ನಾನು ಸುಮ್ಮನಿದ್ದೆ. ಮೂರು ವರ್ಷ ಅವಳು ಅವನ ಜೊತೆ ಮಾತಾಡಲಿಲ್ಲ, ನಾನು ಸುಮ್ಮನೇ ಇದ್ದೆ. ನಿಜ ಹೇಳಿದ್ದು ನಿನಗೊಬ್ಬನಿಗೆ. ಇದು ಫಾರಮ್ಮಿಗಲ್ಲ, ನಿನಗೆ ಮಾತ್ರ ಎಂದು ಕಾಗದದ ತಲೆಯಲ್ಲೇ ಬರೆದಿದ್ದೆ.

ಆ ಮಾತೆಲ್ಲ ಒಂಬತ್ತನೇ ಪುಟದಲ್ಲಿತ್ತು. ಮೇವಿಸ್ ಅದನ್ನು ಗಟ್ಟಿಯಾಗಿ ಓದುತ್ತಿದ್ದಳು, ಎಡ್ಗರ್. ಅರ್ಧದಲ್ಲಿ ದನಿ ಸಣ್ಣಗಾಯಿತು. ಆದರೂ ನಿಲ್ಲಿಸಲಿಲ್ಲ, ಪೂರ್ತಿ ಓದಿದಳು. ಕೋಟು ಹಾಕಿಕೊಂಡು ಹೆಡ್ಲಿಯ ಮನೆಗೆ ಹೋದಳು. ತಿರುಗಿ ಬಂದವಳು ಕೋಟು ಬಿಚ್ಚದೆ ಹೇಳಿದಳು, "ಆ ಮನುಷ್ಯನಿಗೆ ಬೆನ್ನು ತೋರಿಸ್ತಿದ್ದಾಗೆಲ್ಲ ನೀನು ನನ್ನ ಪಕ್ಕದಲ್ಲೇ ನಿಂತಿರ್ತಿದ್ದೆ. ಎಡ್ಗರ್‌ಗೆ ಹೇಳೋಕೆ ಬಾಯಿ ಬಂತು. ನನಗೆ ಹೇಳೋಕೆ ಬರಲಿಲ್ಲ." ಅದು ನನ್ನ ಪಾಲು, ನಾನೇ ಉಣ್ಣುತ್ತೇನೆ.

ಆದರೆ ಕೊನೆಗೆ ಕೇಳಿದಳು, "ಆಕೆ ಬಿದ್ದ ಮೇಲೂ ಒಂದು ವಾರ ಹಾಗೇ ಬಿಟ್ಟಿದ್ಯಾ? ಇನ್ನೊಬ್ಬರು ಬೀಳಲಿ ಅಂತಾನಾ?" ಯಾಕೆಂದರೆ ವರದಿಯಲ್ಲಿ ಮರುವಾರ ಸರಿಪಡಿಸಲಾಯಿತು ಎಂದಿದೆ. ಇಲ್ಲ ಕಣೇ, ಮರುದಿನ ಹಾಲು ಬರುವ ಮೊದಲೇ ಹೋಗಿ ಸರಿ ಮಾಡಿದೆ ಎಂದರೆ ನಂಬುವುದಿಲ್ಲ. "ಓದು ಬಲ್ಲವನು ಅವನು, ಇದ್ದದ್ದನ್ನ ಬರೆದಿರ್ತಾನೆ" ಎನ್ನುತ್ತಾಳೆ. ಆಮೇಲಿಂದ ನನಗೆ ಬಂದ ಕಾಗದಗಳನ್ನು ಓದಿ ಹೇಳುತ್ತಿಲ್ಲ. ಮೇಜಿನ ಮೇಲೆ ಇಟ್ಟು ಹೋಗುತ್ತಾಳೆ.

ನಾನು ಹೋದದ್ದು ಮರುದಿನವೇ. ಬರೆದದ್ದು ಏನು ಎಂದು ನನಗೇ ಖಾತ್ರಿಯಿಲ್ಲ, ನನ್ನ ಅಕ್ಷರ ಅಂಥದು. ಆ ಕಾಗದ ನಿನ್ನ ಹತ್ತಿರ ಇದ್ದೇ ಇದೆ. ಕನ್ನಡಕ ಹಾಕಿಕೊಂಡು ಎರಡನೇ ಹಾಳೆ, ಕೆಳಗಿನ ಸಾಲುಗಳನ್ನು ಇನ್ನೊಮ್ಮೆ ನೋಡು. ಮರುದಿನ ಎಂದಿದೆಯೋ, ಮರುವಾರ ಎಂದಿದೆಯೋ. ಉತ್ತರವನ್ನು ಮೇವಿಸ್ ಹೆಸರಿಗೆ ಬರಿ.